ಮಗ್ಗದ ಮಾತು

ಕಿರ್ಕ್‌ಲೇಡ್ ಊರಿನ ಹೊಳೆಗೆ ಎರಡು ಹೆಸರು.
ಮೇಲೆ, ಕುರಿಗಳು ನೀರು ಕುಡಿಯುವಲ್ಲಿ, ಬರ್ನ್.
ತೂಬು ದಾಟಿದರೆ ಲೇಡ್;
ಅಲ್ಲಿಂದಾಚೆ ಅದು ಕಂಪನಿಯ ನೀರು,
ಬಟ್ಟೆ ಒಗೆದರೆ ದಂಡ.

ದಂಡದ ಪುಸ್ತಕ ಈಗಲೂ ಇದೆ, ಗ್ರಂಥಾಲಯದ ಗಾಜಿನೊಳಗೆ.
ಕಿಟಕಿ ತೆರೆದದ್ದಕ್ಕೆ ಆರು ಪೆನ್ನಿ.
ಸಿಳ್ಳೆ ಹಾಕಿದ್ದಕ್ಕೆ ಎರಡು.
ಯಂತ್ರದ ಬುಡದಲ್ಲಿ ನಿದ್ದೆ, ಹುಡುಗಿ, ವಯಸ್ಸು ಒಂಬತ್ತು: ನಾಲ್ಕು.
ಅದರ ಪಕ್ಕ ಬೇರೆ ಶಾಯಿಯಲ್ಲಿ, ಬೇರೆ ಕೈಯಲ್ಲಿ: ಮನ್ನಾ.
ಬರೆದವರು ಯಾರೋ, ಯಾರಿಗೂ ಗೊತ್ತಿಲ್ಲ.

ನನ್ನ ಅಜ್ಜಿ ಬೆಥಾಯ ಪೆಟಿಗ್ರೂ
ನೇಯುವವಳು. ನೂಲುವವಳಲ್ಲ, ಇದನ್ನು ಮರೆಯಬಾರದು.
ನೂಲುವವರು ಬಿಸಿನೀರ ತೊಟ್ಟಿಯ ಪಕ್ಕ ಬರಿಗಾಲಲ್ಲಿ,
ತಲೆಗೆ ಶಾಲು. ನೇಯುವವರಿಗೆ ಹ್ಯಾಟು, ಕೈಗವಸು.
ಸಂಜೆ ಒಂದೇ ಬೀದಿಯ ಎರಡು ಬದಿ ಹಿಡಿದು ನಡೆಯುವರು,
ಒಂದೇ ಅಗಸೆನಾರಿನ ದೂಳು ಕೆಮ್ಮುತ್ತ.

ಏನೇನು ನೇಯ್ದೆ ಅಂದರೆ ಬೆರಳು ಮಡಿಚುವಳು.
ಹಾಯಿಬಟ್ಟೆ ಅವಳಮ್ಮನ ಕಾಲಕ್ಕೇ ಮುಗಿದಿತ್ತು.
ಅವಳ ಪಾಲಿಗೆ ಡೇರೆ, ಆಮೇಲೆ ಗಾಯಾಳು ಹೊರುವ ಜೋಲಿ
(ಅಳತೆ ಆರಡಿ. ಎತ್ತರದವರು ಕಾಲು ಮಡಿಚಿಕೊಳ್ಳಲಿ ಅಂದನಂತೆ ಮೇಸ್ತ್ರಿ).
ಕೊನೆಕೊನೆಗೆ, ಪ್ರವಾಸಿಗರಿಗೆಂದು,
ಮುಳ್ಳುಹೂವಿನ ಚಿತ್ರದ, ತಟ್ಟೆ ಒರೆಸುವ ಬಟ್ಟೆ.
ಅದಕ್ಕೆ ಮಾತ್ರ ಕಿರುಬೆರಳು.

ಇನ್ನೂರು ಮಗ್ಗಗಳ ಗದ್ದಲದಲ್ಲಿ ಕಿವಿ ಮೊದಲು ಹೋಯಿತು.
ಹೋದರೆ ಹೋಗಲಿ, ಅಲ್ಲಿ ಕಿವಿಗೇನು ಕೆಲಸ?
ತುಟಿಯಿತ್ತು, ಹುಬ್ಬಿತ್ತು, ಬಿಡುವಾದ ಒಂದು ಕೈಯಿತ್ತು.
ಮೂವತ್ತು ಗಜದಾಚೆಯ ನೆಟ್ಟಾಗೆ ದನಿಯಿಲ್ಲದೆ ಹೇಳುವಳು
ಯಾರ ಮದುವೆ ಮುರಿಯಿತು, ಯಾರಿಗೆ ಮುಟ್ಟು ನಿಂತಿತು.
ಚರ್ಚಿನಲ್ಲಿ ಪಾದ್ರಿ ಕಣ್ಣುಮುಚ್ಚಿ ಪಿಸುಗುಟ್ಟಿದರೆ
ನನ್ನ ಕೈ ಹಿಂಡಿ ನಗುವಳು:
"ದೇವರ ಹತ್ತಿರ ಅಲ್ಲ ಕಣೇ, ಕಲ್ಲಿದ್ದಲಿನ ಲೆಕ್ಕ!"

ಮುಚ್ಚಿದ ದಿನದ್ದನ್ನು ನಗದೆ ಹೇಳುವಳು.
ಕಚೇರಿಗೆ ಗಾಜಿನ ಗೋಡೆ. ಒಳಗೆ ಧಣಿ ಡ್ಯಾಲ್‌ರಿಂಪಲ್,
ಎದುರಿಗೆ ಗ್ಲಾಸ್ಗೋದಿಂದ ಬಂದ ಲೆಕ್ಕಿಗ.
ಬಾಗಿಲು ಭದ್ರ. ಯಾರಿಗೂ ಕೇಳದೆಂಬ ಧೈರ್ಯ.
ಹರಿದ ಎಳೆಗೆ ಗಂಟು ಹಾಕುತ್ತಿದ್ದವಳು ತಲೆಯೆತ್ತಿ
ಅವನ ಮೀಸೆಯ ಕೆಳಗೆ ಓದಿದಳು:
ಶುಕ್ರವಾರ. ಎಲ್ಲರೂ. ಈಗಲೇ ಹೇಳುವುದು ಬೇಡ.

ಅವಳು ನೆಟ್ಟಾಗೆ. ನೆಟ್ಟಾ ಕಂಬದಾಚೆಯ ವಿಲ್ಮಾಗೆ.
ಲಾಳಿಗಳು ಹೊಡೆಯುತ್ತಲೇ ಇದ್ದವು.
ಸುದ್ದಿ ಹೊಕ್ಕುನೂಲಿನ ಹಾಗೆ
ಎಡಕ್ಕೆ ಹೋಯಿತು, ಬಲಕ್ಕೆ ಬಂತು,
ಶೆಡ್ಡಿನ ಕೊನೆಯ ಗೋಡೆ ಮುಟ್ಟಿತು.
ಅಲ್ಲಿ ಒಂದು ಮಗ್ಗ ನಿಂತಿತು.
ಮತ್ತೊಂದು.
ಅದರಾಚೆಯದು.
ಗಾಜಿನೊಳಗೆ ಇನ್ನೂ ಬಾಯಾಡಿಸುತ್ತಿದ್ದ ಧಣಿ
ಥಟ್ಟನೆ ತನ್ನದೇ ದನಿ ಕೇಳಿಸಿಕೊಂಡನಂತೆ.

ಅಜ್ಜಿ ಮಾತ್ರ ನಿಲ್ಲಿಸಲಿಲ್ಲ. ಒಂದೂವರೆ ಗಜ ಬಾಕಿ.
"ಹಾಸು ಹೂಡಿದ ಮೇಲೆ ಹಾಗೇ ಎದ್ದು ಬರುವುದುಂಟೆ?"
ಆ ಒಂದೂವರೆ ಗಜವನ್ನು ಕತ್ತರಿಸಿ,
ಸೊಂಟಕ್ಕೆ ಸುತ್ತಿ, ಮೇಲೆ ಕೋಟು ತೊಟ್ಟು ಮನೆಗೆ ಬಂದಳು.
ಮೂವತ್ತು ವರ್ಷ ಅದರಲ್ಲೇ ಒಡೆದ ಹಾಲು ಸೋಸಿದೆವು,
ಗಿಣ್ಣು ತಿಂದೆವು. ಕದ್ದ ಮಾಲು.
ದಂಡದ ಪುಸ್ತಕದಲ್ಲಿ ಹುಡುಕಿದೆ, ಇಲ್ಲ.

ಶೆಡ್ಡಿನಲ್ಲೀಗ ಹದಿನೆಂಟು ಫ್ಲ್ಯಾಟು, ಒಂದರಲ್ಲಿ ನಾನು.
ಗೋಡೆ ಎಷ್ಟು ತೆಳುವೆಂದರೆ
ಪಕ್ಕದವನು ಚಮಚ ಕೆಳಗಿಟ್ಟದ್ದೂ ಕೇಳುತ್ತದೆ.

ಆಸ್ಪತ್ರೆಯಲ್ಲಿ, ಕೊನೆಯ ವಾರ, ಅಜ್ಜಿಯ ತುಟಿ ಅಲುಗಿತು.
ನಾನು ಬಾಗಿ ಕಿವಿಯನ್ನು ಹತ್ತಿರ ತಂದೆ.
ಪೆದ್ದಿ, ಕಿವಿಯನ್ನು ತಂದೆ.
ಎದುರು ಮಂಚದಲ್ಲಿ ನೆಟ್ಟಾ ಲಮ್ಸ್‌ಡೆನ್
ಕನ್ನಡಕ ಏರಿಸಿ ನೋಡಿದಳು,
ಹೊದಿಕೆ ಕುಲುಕುವಂತೆ ನಕ್ಕಳು,
ತಿರುಗಿ ಏನೋ ಅಂದಳು, ದನಿಯಿಲ್ಲದೆ.

"ಏನಂತೆ?" ಕೇಳಿದೆ.
"ಮಗ್ಗದ ಮಾತು ಮಗಳೇ,
ದನಿ ಬಿದ್ದರೆ ಒಡೆಯುತ್ತದೆ"
ಅಂದಳು, ನನ್ನ ಕಡೆ ನೋಡದೆ,
ಇನ್ನೂ ಅಲುಗುತ್ತಿದ್ದ ಆ ತುಟಿಯ ಕಡೆಗೇ ನೋಡುತ್ತ.