ಅಗ್ನಿಮೂಲೆಯ ತಟ್ಟೆ

ಕೇಬಲ್ಲು ಕಾಲುವೆಯ ಆಚೆ ದಡಕ್ಕೇ ನಿಂತಿತು.
ಕಿರುಗಾವಲಿನ ಇಲಿಯಾಸ್ ಸ್ಕೂಟರಿನಿಂದ ಇಳಿಯದೆ ಎಣಿಸಿದ:
ಹದಿಮೂರು ಮನೆ, ಒಂಬತ್ತು ಕಂಬ.
'ಲೆಕ್ಕ ಕೂಡಲ್ಲ ಕಣಕ್ಕ' ಅಂದ.
ನೀರು ದಾಟಿದೆ, ಕರೆಂಟು ದಾಟಿದೆ,
ಹೆಣ್ಣು ಕೊಡುವವರೂ ದಾಟಿ ಬಂದಿದ್ದಾರೆ ನಮ್ಮ ಕೊಪ್ಪಲಿಗೆ;
ಒಂದು ಕಪ್ಪು ವೈರಿಗೆ ಮಾತ್ರ ಈಜು ಬರಲಿಲ್ಲ.

ಸರಿ, ಆಕಾಶದಿಂದಲೇ ಇಳಿಸಿಕೊಳ್ಳೋಣ ಅಂದರು ಇವರು.
ಗೂಡು ಮಾರಿದ ದುಡ್ಡಲ್ಲಿ ಎರಡು ಸಾವಿರ ಬೇರೆ ಇಟ್ಟು
ಮಳವಳ್ಳಿಯಿಂದ ಎರಡು ಕಂಪನಿಯ ಹಾಳೆ ತಂದರು,
ಒಂದು ನೀಲಿ, ಒಂದು ಕೆಂಪು.
ನೀಲಿಯಲ್ಲಿ ಕ್ರಿಕೆಟ್ಟುಂಟು, ಅತ್ತೆಯ ಏಳೂವರೆ ಧಾರಾವಾಹಿ ಇಲ್ಲ.
ಕೆಂಪಿನಲ್ಲಿ ಕನ್ನಡ ಪೂರಾ, ಕ್ರಿಕೆಟ್ಟಿಗೆ ಬೇರೆ ಕಾಸು.
ಪೆನ್ಸಿಲ್ ಹಿಡಿದು ಕೂತೆ ನಾನು,
ಒಂದು ಸೇರಿಸಿ ಒಂದು ಹೊಡೆದುಹಾಕಿ,
ತಿಂಗಳ ಕೊನೆಯ ದಿನಸಿ ಚೀಟಿ ಬರೆಯುವ ಹಾಗೆ.
ಮಗಳು ದೀಕ್ಷಾ ಬೊಂಬೆ ಚಾನೆಲ್ಲಿನ ಮೇಲಿಟ್ಟ ಬೆರಳು ತೆಗೆಯಲೇ ಇಲ್ಲ.
ಅತ್ತೆ ಕೆಂಪಾಜಮ್ಮ ಕೇಳಿದರು:
'ಇಷ್ಟೆಲ್ಲ ಬರ್ತದಲ್ಲ, ಯಾವುದ್ರಲ್ಲಾರ ಗೂಡಿನ ರೇಟು ಹೇಳ್ತಾರಾ?'
ಹಾಳೆಯ ಎರಡೂ ಮಗ್ಗುಲು ಹುಡುಕಿದೆ.
ದೇವರಿಗೆ ಆರು ಚಾನೆಲ್ಲಿತ್ತು. ಒಡವೆ ಮಾರುವುದಕ್ಕೆ ನಾಲ್ಕು.
ಗೂಡಿಗೆ ಇರಲಿಲ್ಲ.

ಕೆಂಪೇ ಗೆದ್ದಿತು.
ಇವರು ಆ ರಾತ್ರಿ ಮಾತಿಲ್ಲದೆ ಮುದ್ದೆ ಮುರಿದರು.

ಬೈಕಿನ ಹಿಂದೆ ತಟ್ಟೆ ಕಟ್ಟಿಕೊಂಡು ಹುಡುಗ ಬಂದ.
'ತಟ್ಟೆಗೇನಪ್ಪ ಕಮ್ಮಿ ನಮ್ಮನೇಲಿ,
ಹುಳದ ಮನೇಲಿ ನೂರಿಪ್ಪತ್ತವೆ, ಬೇಕಾದ್ದು ತಕ್ಕೊ' ಅಂದರು ಅತ್ತೆ.
ಅವನು ನಗಲಿಲ್ಲ. ಅಂಗಳದಲ್ಲಿ ಫೋನು ಹಿಡಿದು
ತಿರುಗಿ ತಿರುಗಿ, ಕೊನೆಗೆ
ಅಗ್ನಿಮೂಲೆಗೆ ಕೈ ತೋರಿದ.
ಒಲೆ ಇರುವ ಮೂಲೆ. ಅತ್ತೆಗೆ ಸಮಾಧಾನ:
'ವಾಸ್ತು ಗೊತ್ತಿರೋ ಪೈಕಿನೇ ಬುಡು.'

ಆದರೆ ಅಗ್ನಿಮೂಲೆಯಲ್ಲಿತ್ತು ಸಣ್ಣತಾಯಮ್ಮನ ತೆಂಗು.
ಮೂವತ್ತಾರು ಸಾವಿರ ಕಿಲೋಮೀಟರು ಬರುವಾಗ
ಅಡ್ಡಿ ಏನೂ ಇಲ್ಲವಂತೆ;
ಇರುವುದೆಲ್ಲ ಕೊನೆಯ ಮೂವತ್ತಾರು ಅಡಿಯಲ್ಲಿ.
'ಮರ ಇಳಿಸಿ, ಇಲ್ಲಾ ಅವರ ತಾರಸಿ ಮೇಲೆ ಕೂರಿಸ್ತೀನಿ.'

ಆ ಮನೆಯೊಂದಿಗೆ ನಮಗೆ ಮಾತು ನಿಂತು ನಾಲ್ಕು ವರ್ಷ.
ಅವರು ಟೊಮೊಟೊಗೆ ಹೊಡೆದ ಔಷಧಿ
ಗಾಳಿ ಹಿಡಿದು ನಮ್ಮ ಹಿಪ್ಪುನೇರಳೆಯ ಮೇಲೆ ಕೂತು,
ಒಂದು ಬೆಳೆ ಹುಳ, ಹಣ್ಣಾಗುವುದಕ್ಕೆ ಎರಡೇ ದಿನ ಇದ್ದಾಗ,
ತಲೆ ಎತ್ತಿಕೊಂಡೇ ಸತ್ತಿದ್ದವು.
ತಿಪ್ಪೆಗೆ ಹೊತ್ತು ಹಾಕಿದವಳು ನಾನು. ಹನ್ನೊಂದು ಮಂಕರಿ.

ಇವರು ಬೀಡಿ ಹಚ್ಚಿದರು.
ಅತ್ತೆ ಸೊಪ್ಪಿನ ಕತ್ತಿ ಕೆಳಗಿಟ್ಟು ಎದ್ದು ಹೋದರು.
ಬೇಲಿಯ ಹತ್ತಿರ ಏನು ಮಾತಾಯಿತೋ.
ಆ ಕಡೆಯ ಗಂಟಲೊಂದೇ ಕೇಳಿಸಿದ್ದು:
'ಮರ ಮುಟ್ಬ್ಯಾಡಿ. ತಾರಸಿ ಮ್ಯಾಲೆ ಮಡಿಕ್ಕೊಳಿ.'

ಈಗ ನಮ್ಮ ತಟ್ಟೆ ಅವರ ಮನೆಯ ಮೇಲೆ.
ಕಾಲುವೆ ದಾಟದ ವೈರು
ಸರ್ವೆಯವರನ್ನು ಕೇಳದೆ ಬೇಲಿ ದಾಟಿ ಬಂದಿದೆ.
ಚಿತ್ರ ಚೌಕ ಚೌಕವಾಗಿ ಒಡೆದಾಗ ಕೂಗುತ್ತೇನೆ:
'ಸಣ್ಣತಾಯಕ್ಕಾ, ಮ್ಯಾಲೆ ನೋಡ್ತೀಯಾ?'
'ಕಾಗೆ ಕೂತದೆ.'
ಸದ್ಯಕ್ಕೆ ಇಷ್ಟೇ ಮಾತು.
ಟೀವಿ ನೋಡಲು ಅವಳು ಬಂದಿಲ್ಲ, ನಾನು ಕರೆದೂ ಇಲ್ಲ.
ಹುಳದ ವಿಷಯ ಯಾರೂ ಎತ್ತಿಲ್ಲ.

ನಿನ್ನೆ ರಾತ್ರಿ ಹನ್ನೊಂದಕ್ಕೆ,
ನಾಲ್ಕನೇ ಜ್ವರ ಎದ್ದ ಹುಳಕ್ಕೆ ಸೊಪ್ಪು ಕೊಟ್ಟು ನಿಂತಿದ್ದೆ.
ನೂರಿಪ್ಪತ್ತು ತಟ್ಟೆಯಲ್ಲೂ ಸರಸರ ಸರಸರ.
ನಡುಮನೆಯಿಂದ ಇವರು (ಕ್ರಿಕೆಟ್ಟಿಗೆ ಕಾಸು ಕಟ್ಟಿದ್ದಾರೆ, ನನಗೆ ಹೇಳದೆ)
ಗಾಬರಿಯಲ್ಲಿ ಕೂಗಿದರು:
'ಮಳೆ ಹಿಡೀತಾ? ಮ್ಯಾಚು ಹೊಂಟೋಯ್ತದೆ!'

ಬಾಗಿಲು ತೆಗೆದೆ.
ಆಕಾಶದ ತುಂಬ ಚುಕ್ಕಿ.
ಸಣ್ಣತಾಯಮ್ಮನ ತಾರಸಿಯಲ್ಲಿ, ತೆಂಗಿನ ಪಕ್ಕ,
ಒಂದೆಲೆ ಸೊಪ್ಪೂ ಇಲ್ಲದ ನಮ್ಮ ತಟ್ಟೆ
ಮುಖ ಮೇಲೆತ್ತಿ ಏನನ್ನೋ ಮೇಯುತ್ತಿತ್ತು.

'ಮಳೆ ಅಲ್ಲ' ಅಂದೆ, 'ಹುಳ.'