ಹೊಳೆಬಾಗಿಲು

ಸೇತುವೆ ಆಗುವುದಕ್ಕೆ ಎರಡು ವರ್ಷ ಮುಂಚಿನ ಮಾತು.
ಬೆಳಗಿನ ಎರಡನೇ ಲಾಂಚು. ಒಂದು ಬಸ್ಸು, ನಾಲ್ಕು ಬೈಕು,
ತುಮರಿಯ ಮಾಸ್ತರರು,
ಐಸಿನ ಡಬ್ಬಿಯಲ್ಲಿ ಹದಿನೇಳು ಜನರ ರಕ್ತ ಇಟ್ಟುಕೊಂಡು ನಾನು.
ಲಾಂಚಿನ ಕೆರಿಯಪ್ಪ ನನ್ನನ್ನು ಕರೆಯುತ್ತಿದ್ದುದೇ ರಕ್ತದಕ್ಕ ಎಂದು.

ನಡುನೀರಿನಲ್ಲಿ ಅವನು ಸುಮ್ಮಸುಮ್ಮನೆ ನಕ್ಕ.
ಆಮೇಲೆ ಮಾಸ್ತರರಿಗೆ ಹೋಗಲೇ ಬಾರಲೇ ಎಂದು ಬೈದ,
ಹುಟ್ಟಿದಾಗಿನಿಂದ ಯಾರಿಗೂ ಏಕವಚನ ಆಡದವನು.
ಡಿಸೆಂಬರಿನ ಚಳಿಯಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು.
ಲಾಂಚು ಮುಳುಗಿದ ಮರದ ಬೊಡ್ಡೆಗಳ ಕಡೆ ತಿರುಗಿತು.
‘ಬೆಳಬೆಳಿಗ್ಗೆ ಹಾಕ್ಕಂಡು ಬಂದಿದಾನೆ’ ಅಂದರು ಯಾರೋ.
ಹೌದು, ಹಾಕಿಕೊಂಡಿದ್ದ:
ಹೊಟ್ಟೆಗೆ, ಸೂಜಿಯಲ್ಲಿ, ಇಪ್ಪತ್ತು ಯೂನಿಟ್ಟು.
ತಿಂಡಿ ತಿಂದಿರಲಿಲ್ಲ.

ನನಗೆ ಗೊತ್ತಿತ್ತು ಆ ಇನ್ನೊಂದು ಹೊಳೆ.
ರಕ್ತಕ್ಕೂ ಮಿದುಳಿಗೂ ನಡುವೆ ಕೂದಲಿಗಿಂತ ತೆಳ್ಳನೆ ಗೋಡೆ,
ಕೋಶಕ್ಕೆ ಕೋಶ ಬೆಸೆದು, ಎಳ್ಳಷ್ಟೂ ಸಂದಿಲ್ಲ.
ಆ ಗೋಡೆಯಲ್ಲಿ ಸಕ್ಕರೆಗೆಂದೇ ಕಾದಿರುವ ಲಾಂಚುಗಳು:
ಈಚೆಗೆ ಬಾಯಿ ತೆರೆದು ಒಂದೇ ಒಂದು ಕಣ ಹತ್ತಿಸಿಕೊಂಡು
ಮುಚ್ಚಿ, ಆಚೆಗೆ ತೆರೆದು ಇಳಿಸಿ
ಖಾಲಿ ತಿರುಗುವವು.
ಎರಡೂ ಕಡೆ ಒಟ್ಟಿಗೆ ತೆರೆದದ್ದು ಕಂಡವರಿಲ್ಲ.
ಇನ್ಸುಲಿನ್ನಿನ ಚೀಟಿ ಕೇಳುವುದಿಲ್ಲ,
ಹಣ್ಣಿನ ಸಿಹಿಯನ್ನು ಮಾತ್ರ ದಡದಲ್ಲೇ ನಿಲ್ಲಿಸುತ್ತವೆ.
ಆಚೆ ದಡದಲ್ಲಿ ಕಣಜ ಅನ್ನುವಂಥ ಕಣಜವಿಲ್ಲ,
ಬಂದದ್ದು ಬಂದ ಹಾಗೇ ಒಲೆಗೆ.
ಈಚೆ ಹತ್ತುವವರೇ ಇಲ್ಲದಿದ್ದರೆ
ಲಾಂಚು ತಾನೇ ಏನು ಮಾಡೀತು?
ಮೊದಲು ಆರುವ ದೀಪ ಬಹುವಚನದ್ದು,
ಆಮೇಲೆ ದಿಕ್ಕಿನದು.

ಬಸ್ಸಿನಿಂದ ಇಳಿದ ಹೆಂಗಸೊಬ್ಬಳು ಕ್ಯಾನಿನ ಮುಚ್ಚಳ ತೆಗೆದಳು.
ಜೋನಿ ಬೆಲ್ಲ, ಮಗಳ ಬಾಣಂತನಕ್ಕೆ ಒಯ್ಯುತ್ತಿದ್ದುದು.
ಬೆರಳಲ್ಲಿ ಬಳಿದು ಅವನ ಕೆನ್ನೆಯೊಳಗೆ ತಿಕ್ಕಿದೆ. ಕಚ್ಚಿದ.
ಇನ್ನೊಂದು ಬೆರಳು.
ನುಂಗು ಕೆರಿಯಪ್ಪ, ನುಂಗು.
ಬಸ್ಸಿನ ಕಂಡಕ್ಟರು ಚಕ್ರ ಹಿಡಿಯಲು ಬಾರದೆ ಹಿಡಿದಿದ್ದ.

ಹನ್ನೊಂದು ನಿಮಿಷ. ಗಡಿಯಾರ ನೋಡುವುದು ನನ್ನ ಕಸುಬು.
ನಾಲಿಗೆಯಿಂದ ಕರುಳಿಗೆ, ಕರುಳಿನಿಂದ ರಕ್ತಕ್ಕೆ,
ಆಮೇಲೆ ಆ ಬಾಗಿಲು. ಒಂದೊಂದೇ ಕಣ, ಒಂದೊಂದೇ

ಕೆರಿಯಪ್ಪ ಬೊಡ್ಡೆಗಳನ್ನು ನೋಡಿದ. ಕಂಡಕ್ಟರನನ್ನು ನೋಡಿದ.
‘ನೀವ್ಯಾಕೆ ಹಿಡ್ಕಂಡಿದ್ದು ಮಾರಾಯ್ರೆ, ಇತ್ಲಾಗೆ ಕೊಡಿ’ ಎಂದ.
ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು.

ಈಗ ಅಲ್ಲಿ ಸೇತುವೆ. ಬಸ್ಸು ನಿಲ್ಲದೆ ದಾಟುತ್ತದೆ,
ತೊಡೆಯ ಮೇಲಿನ ಡಬ್ಬಿಯಲ್ಲಿ ಐಸು ಕರಗುವ ಮೊದಲೇ ಸಾಗರ.
ತಲೆಯೊಳಗೆ ಯಾರೂ ಸೇತುವೆ ಕಟ್ಟಿಲ್ಲ;
ಇದನ್ನು ಬರೆಯುವಾಗಲೂ ಬೆಳಗಿನ ಎರಡು ಕಡುಬು
ಸರದಿಯಲ್ಲಿ ನಿಂತಿವೆ.

ಕೆರಿಯಪ್ಪ ಬೇರೆ ಕಡವಿಗೆ ಹೋದನಂತೆ.
ಜೇಬಿನಲ್ಲಿ ಸದಾ ಒಂದು ಅಚ್ಚು ಬೆಲ್ಲ.
ಅಂಗಿಗೆಲ್ಲ ಇರುವೆ ಹತ್ತಿಸಿಕೊಂಡು ಬರುತ್ತಾನೆಂದು
ಹೆಂಡತಿ ಬೈಯುತ್ತಾಳಂತೆ.