ಮೇಷ್ಟ್ರು ನೀರು ಕುಡಿಯುವ ಜಾಗ

ಗಾಡಿಕೊಪ್ಪ ದಾಟಿದ ಮೇಲೇ ನಜೀರ್ ಸಾಹೇಬ್ರು ಕ್ಯಾಸೆಟ್ಟು ತುರುಕುತ್ತಿದ್ದರು.
ಮುಂಚೆ ಹಾಕಿದರೆ ಲೆಕ್ಕ ತಪ್ಪುತ್ತಿತ್ತು.
ಕೊರ್ರ್ ಅಂತ ಒಂದು ಸದ್ದು, ಮೈಕಿನ ಕಿರುಚು,
ಆಮೇಲೆ ಡಾಕಪ್ಪ ಮೇಷ್ಟ್ರು:
"ನಮಸ್ಕಾರ. ಹಿಂದೆ ಕೂತವರಿಗೆ ಕೇಳ್ತಾ ಇದೆಯಾ?
ಮುಂದಿನವರಿಗೆ ಕೇಳಿದ್ರೂ ಉಪಯೋಗ ಇಲ್ಲ, ಅವರು ಅತಿಥಿಗಳು."

ಶಿವಮೊಗ್ಗದ ಯಾವುದೋ ಸಭಾಂಗಣ, ಯಾವುದೋ ಸಂಘದ ವಾರ್ಷಿಕೋತ್ಸವ.
ಆ ರಾತ್ರಿ ನಕ್ಕವರೆಲ್ಲ ಕಂದು ಪಟ್ಟಿಯೊಳಗೇ ಉಳಿದುಬಿಟ್ಟಿದ್ದರು.
ಒಬ್ಬನಿಗೆ ಕೆಮ್ಮು. ಒಂದು ಮಗು "ಏನಂತಮ್ಮಾ?" ಅನ್ನುತ್ತಿತ್ತು.
ಎಲ್ಲರೂ ನಕ್ಕು ಮುಗಿಸಿದ ಮೇಲೆ ಒಬ್ಬಳೇ ಹೆಂಗಸು,
ತಡವಾಗಿ, ಅಟ್ಟದಿಂದ ಪಾತ್ರೆ ಉರುಳಿದ ಹಾಗೆ.
ಅವಳಿಗಾಗಿ ನಮ್ಮ ಬಸ್ಸು ದಿನಾ ಕಿವಿಗೊಟ್ಟು ಕಾಯುತ್ತಿತ್ತು.

ಆಯನೂರಿಗೆ ಜನಗಣತಿಯವನು ಬರುತ್ತಿದ್ದ.
"ಮನೇಲಿ ಎಷ್ಟು ಜನ ಅಜ್ಜಿ?"
"ಉಣ್ಣೋಕಾ, ದುಡಿಯೋಕಾ?"
ಅಷ್ಟರಲ್ಲಿ ಫಿಲೋಮಿನಾ ಸಿಸ್ಟರು ಹತ್ತುವರು,
ಮಡಿಲಲ್ಲಿ ಲಸಿಕೆಯ ಡಬ್ಬಿ, ಹೊರಗೆ ಬೆವರಿದ ಐಸು.
ಕುಂಸಿಗೆ ಹಲಸಿನಹಣ್ಣು ಹತ್ತುತ್ತಿತ್ತು.
ಹಣ್ಣಿಗೆ ಅಜ್ಜ ಅರ್ಧ ಟಿಕೆಟ್ಟು ತಗೊಂಡು ಸೀಟಿನ ಮೇಲೆ ಕೂರಿಸಿ,
ತಾನು ನಿಂತು, ಅದು ಬೀಳದ ಹಾಗೆ ಭುಜ ಹಿಡಿದುಕೊಂಡಿದ್ದಾನೆ.
ಬೈಯುವವನು ಕಂಡಕ್ಟರು.
ಹಾಗಾಗಿ ಜನ ಎಲ್ಲ ನನ್ನ ಮುಖ ನೋಡಿಕೊಂಡೇ ನಗುವುದು.
"ರೀ ಯಜಮಾನ್ರೇ, ಇದು ಲೇಡೀಸ್ ಸೀಟು, ಎಬ್ಬಿಸ್ರೀ ಅದನ್ನ!"

ಇಲ್ಲಿ ಮೇಷ್ಟ್ರು ನೀರು ಕುಡಿಯುತ್ತಾರೆ.
ಗುಟುಕು. ಮತ್ತೊಂದು ಗುಟುಕು. ಸ್ಟೀಲು ಲೋಟ ಮೇಜಿನ ಮೇಲೆ ಟಕ್.
ಸರಿಯಾಗಿ ಇಲ್ಲಿಗೇ ಚೋರಡಿ.
ಸಿಸ್ಟರು ಇಳಿಯುವರು. ನಾನು ಎರಡು ಸೀಟಿ.
ಅವರ ಬೆನ್ನ ಹಿಂದೆ ನಲವತ್ತು ಜನ ಗೊಳ್ಳೆಂದು ಸೇತುವೆ ದಾಟುವರು.

ಮೂರು ವರ್ಷ ಹೀಗೆ.
ಒಂದು ದಿನ ಕೇಳಿದರು: "ಅಜ್ಜ ಏನಂದ ಕಡೆಗೆ?"
ಹೇಳಿದೆ. ಅಕ್ಷರ ಬಿಡದೆ ಹೇಳಿದೆ.
"ಅಷ್ಟೇನಾ?" ಅಂದರು.
ಮುಖ ಸುಟ್ಟ ಹಪ್ಪಳವಾಯಿತು ನನಗೆ.
ಮಾತು ನನ್ನ ಹತ್ತಿರವೂ ಇತ್ತು, ನೀರು ಇರಲಿಲ್ಲ.

ನಜೀರ್ ಸಾಹೇಬ್ರಿಗೆ ಇದನ್ನು ನಾನು ಹೇಳಿದ್ದಲ್ಲ, ಆಣೆಗೂ.
ಆದರೆ ಒಂದು ಸೋಮವಾರ
ಚೋರಡಿಗೆ ಬಸ್ಸು ನಿಂತಿತು, ಎಂಜಿನ್ನೂ ನಿಂತಿತು.
ನನ್ನ ಸೀಟಿ ಬಾಯಲ್ಲೇ ಉಳಿಯಿತು.
ಸಿಸ್ಟರ ಒಂದು ಕಾಲು ಫುಟ್‌ಬೋರ್ಡಿನಲ್ಲಿ, ಒಂದು ಕಾಲು ಗಾಳಿಯಲ್ಲಿ.
ಕಥೆ ಬಾಯಿಪಾಠ ಬರುವ ನಲವತ್ತು ಜನ
ತುಟಿ ಕಚ್ಚಿಕೊಂಡು ಕೂತರು.
ಮೇಷ್ಟ್ರು ಕುಡಿದರು. ಗುಟುಕು. ಮತ್ತೊಂದು.

ಲೋಟ ಇಟ್ಟ ಟಕ್ ಸದ್ದಿಗೇ
ಸಿಸ್ಟರು ನಕ್ಕುಬಿಟ್ಟರು.
ಅಜ್ಜ ಬಾಯಿ ತೆರೆಯುವ ಮುಂಚೆಯೇ!
ಡಬ್ಬಿ ಅಲುಗಿ ಒಳಗಿನ ಸೀಸೆಗಳು ಕಿಣಿಕಿಣಿ.
ಅದನ್ನು ನೋಡಿ ಹಿಂದಿನ ಸೀಟು ನಕ್ಕಿತು, ಮುಂದಿನ ಸೀಟು ನಕ್ಕಿತು,
ಬುಟ್ಟಿಯೊಳಗಿನ ಕೋಳಿ ಗಾಬರಿಯಾಯಿತು,
ಅಜ್ಜ ಅಂದದ್ದು ಆವತ್ತು ಯಾರಿಗೂ ಕೇಳಲೇ ಇಲ್ಲ:
"ಹೆಣ್ಣಿಗೂ ಹಣ್ಣಿಗೂ ನಡುವೆ ಇರೋದು ಒಂದೇ ಒಂದು ಎತ್ವ ಸ್ವಾಮಿ.
ಬೇಕಾದ್ರೆ ಅದಕ್ಕೆ ಬೇರೆ ಲಗೇಜು ಹಾಕ್ಕೊಳ್ಳಿ."

ಪಾತ್ರೆ ಉರುಳಿಸುವ ಆ ಹೆಂಗಸು ಮಾತ್ರ ತನ್ನ ಹೊತ್ತಿಗೆ,
ಒಬ್ಬಳೇ, ನಮ್ಮ ನಗುವಿನ ಮೇಲೆ ನಕ್ಕಳು.

ಮರುದಿನ ಎಂದಿನ ಹಾಗೆ ಬಸ್ಸು, ಎಂದಿನ ಹಾಗೆ ಸೀಟಿ,
ಯಾರಿಗೂ ಕಾಯದ ಸೇತುವೆ.
ಆಯನೂರಲ್ಲಿ ಸಿಸ್ಟರು ನೋಟು ಚಾಚಿ, ಮುಖ ಗಂಟಿಕ್ಕಿಕೊಂಡೇ,
"ಒಂದು ಚೋರಡಿ. ಒಂದು ಎತ್ವ" ಅಂದರು.
ಚಿಲ್ಲರೆ ಇರಲಿಲ್ಲ.
ಟಿಕೆಟ್ಟಿನ ಬೆನ್ನಿಗೆ ಎಂಟಾಣೆ ಅಂತ ಬರೆದುಕೊಟ್ಟೆ.
ಅವರು ಅದನ್ನು ಕೇಳಲೂ ಇಲ್ಲ, ನಾನು ಕೊಡಲೂ ಇಲ್ಲ.